ಸಾರಾ ಅಬೂಬಕ್ಕರ್ ಬರೆದದ್ದು ಯಾವ ಭಾಷೆಯಲ್ಲಿ?

ಪ್ರಶ್ನೆ: ಸಾರಾ ಅವರ ಮನೆಮಾತು ಮಲಯಾಳಂ, ಊರು ಕೇರಳದ ಕಾಸರಗೋಡು. ಅವರ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ ಕನ್ನಡಕ್ಕೆ ಅನುವಾದ ಆದದ್ದು ಅಲ್ವಾ?

ಅಲ್ಲ. ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ. ದೂರದವರು ಕೇಳಿದರೆ ಹೋಗಲಿ, ನಮ್ಮ ಕಾಸರಗೋಡಿನ ಮಕ್ಕಳೇ ಕೇಳುವಾಗ ಬೇಜಾರಾಗುತ್ತದೆ.

ಸಾರಾ ಹುಟ್ಟಿದ್ದು 1936ರಲ್ಲಿ. ಆಗ ಕೇರಳ ಅನ್ನುವ ರಾಜ್ಯವೇ ಇರಲಿಲ್ಲ. ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಅದು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ, ಅಷ್ಟರಲ್ಲಿ ಅವರಿಗೆ ಇಪ್ಪತ್ತು ತುಂಬಿ ಶಾಲೆಯ ಓದು ಮುಗಿದಿತ್ತು. ತಂದೆ ವಕೀಲರು. ಇಲ್ಲಿನ ಮುಸ್ಲಿಂ ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಮಗಳನ್ನು ಓದಿಸಿದರು, ಓದಿಸಿದ್ದು ಕನ್ನಡ ಮಾಧ್ಯಮದಲ್ಲಿ. ಮನೆಯಲ್ಲಿ ಮಲಯಾಳಂ, ಪೇಟೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ. ಇವತ್ತಿಗೂ ನಮ್ಮಲ್ಲಿ ಎಷ್ಟೋ ಮನೆಗಳು ಹೀಗೇ ಇವೆ. ಮನೆಮಾತು ಬೇರೆ, ಬರೆಯುವ ಮಾತು ಬೇರೆ ಅಂದರೆ ಗಡಿಯವರು ಅದರಲ್ಲಿ ಆಶ್ಚರ್ಯ ಪಡುವುದೇನಿದೆ?

ಅವರ ಮೊದಲ ಲೇಖನ 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಬಂತು. ‘ಚಂದ್ರಗಿರಿಯ ತೀರದಲ್ಲಿ’ಯೂ ಅದರಲ್ಲೇ ಧಾರಾವಾಹಿಯಾಯಿತು. ಅದರಲ್ಲಿ ಅಪ್ಪನ ಹಠಕ್ಕೆ ನಾಯಕಿ ನಾದಿರಾಳ ಮದುವೆ ಮುರಿಯುತ್ತದೆ. ಅದೇ ಗಂಡನ ಹತ್ತಿರ ವಾಪಸ್ ಹೋಗಬೇಕಾದರೆ ಮೊದಲು ಒಂದು ರಾತ್ರಿ ಇನ್ನೊಬ್ಬನ ಹೆಂಡತಿಯಾಗಬೇಕು ಅನ್ನುತ್ತಾರೆ. ಆ ಹುಡುಗಿಯ ಸಂಕಟವನ್ನು ಸಾರಾ ನೇರವಾಗಿ ಕನ್ನಡದಲ್ಲೇ ಬರೆದರು. ಕನ್ನಡದ ಪ್ರತಿಯಲ್ಲಿ ಅನುವಾದಕರ ಹೆಸರು ಹುಡುಕಿ ನೋಡಿ, ಸಿಗುವುದಿಲ್ಲ. ಅನುವಾದ ಆದದ್ದು ಕನ್ನಡದಿಂದ ಆಚೆಗೆ. ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದ 2001ರಲ್ಲಿ ಬಂತು.

ಮತ್ತೆ ಈ ಅನುವಾದದ ಮಾತು ಹುಟ್ಟಿದ್ದು ಎಲ್ಲಿಂದ? ಸಾರಾ ಸ್ವತಃ ಒಳ್ಳೆಯ ಅನುವಾದಕಿ, ಬಹುಶಃ ಅಲ್ಲಿಂದಲೇ ಗೊಂದಲ. ಬಿ.ಎಂ. ಸುಹರಾ ಅವರ ‘ಬಲೆ’, ಕಮಲಾ ದಾಸ್ ಅವರ ‘ಮನೋಮಿ’, ಇವೆಲ್ಲ ಮಲಯಾಳಂನಿಂದ ಕನ್ನಡಕ್ಕೆ ಬಂದದ್ದು ಅವರ ಕೈಯಿಂದ.

ಕಮಲಾ ದಾಸ್ ಹೆಸರು ಬಂತಲ್ಲ, ನೀವು ಕೇಳದಿದ್ದರೂ ಒಂದು ಮಾತು ಹೇಳಿಬಿಡುತ್ತೇನೆ. ಅವರ ಕವಿತೆಗಳೂ ಮಲಯಾಳಂನಿಂದ ಇಂಗ್ಲಿಷಿಗೆ ಹೋದವು ಅಂತ ತುಂಬ ಜನ ತಿಳಿದಿದ್ದಾರೆ. ಅದೂ ತಪ್ಪು. 1965ರ ಮೊದಲ ಸಂಕಲನದಿಂದಲೇ ಅವರು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. ಕಥೆ, ಕಾದಂಬರಿ ಹೆಚ್ಚಾಗಿ ಮಲಯಾಳಂನಲ್ಲಿ, ಮಾಧವಿಕುಟ್ಟಿ ಅನ್ನುವ ಹೆಸರಿನಲ್ಲಿ. ಒಬ್ಬರೇ ಹೆಂಗಸು, ಎರಡು ಭಾಷೆ, ಎರಡು ಹೆಸರು. ಅವರ ಮಲಯಾಳಂ ಕಾದಂಬರಿಯೊಂದನ್ನು ಕನ್ನಡಕ್ಕೆ ತಂದವರು ಮಲಯಾಳಂ ಮನೆಮಾತಿನ, ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಚಂದ್ರಗಿರಿಯ ಸಾರಾ.