ರಾಕೆಟ್ ಟ್ಯಾಂಕಿನ ಉಕ್ಕನ್ನು ಕರಗಿಸಲ್ಲ, ಮಾರಾಯ್ರೇ

"ಸರ್, ಭುಜದ ಮೇಲಿಟ್ಟು ಹೊಡೆಯುವ ಒಂದು ಸಣ್ಣ ರಾಕೆಟ್ ಟ್ಯಾಂಕಿನ ಅಷ್ಟು ದಪ್ಪ ಉಕ್ಕನ್ನು ಹೇಗೆ ತೂತು ಮಾಡುತ್ತೆ? ಶಾಖಕ್ಕೆ ಕರಗಿಸಿಯೇ ಅಲ್ವಾ?"

ಈ ಸಲ ಕೇಳಿದವರು ಪುಣೆಯ ಭೋಸರಿಯ ಓದುಗರು. ಹಿಂದಿನ ಸಲ ಡೊಂಬಿವಲಿಯವರು, ಅದಕ್ಕೂ ಮುಂಚೆ ವಾಸ್ಕೋದಿಂದ ಒಬ್ಬರು. ಪ್ರಶ್ನೆಯ ಮೊದಲ ಅರ್ಧ ಚೆನ್ನಾಗಿದೆ. ಎರಡನೇ ಅರ್ಧ ಪ್ರಶ್ನೆಯೇ ಅಲ್ಲ, ಉತ್ತರ ಗೊತ್ತಿದೆ ಅಂತ ನಂಬಿಕೊಂಡು ಒಪ್ಪಿಗೆ ಕೇಳುವ ಮಾತು. ಒಪ್ಪಿಗೆ ಕೊಡಲ್ಲ. ಕರಗಿಸಲ್ಲ, ಕರಗಿಸಲ್ಲ, ಕರಗಿಸಲ್ಲ.

ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಭೋಸರಿ, ಚಾಕಣ ಕಡೆ ಕೆಲಸ ಮಾಡುವ ನಮ್ಮವರು ದಿನಾ ಗ್ಯಾಸ್ ಕಟ್ಟಿಂಗ್ ನೋಡುತ್ತಾರೆ. ಜ್ವಾಲೆ ಹಿಡಿದರೆ ಪ್ಲೇಟ್ ಕತ್ತರಿಸುತ್ತದೆ, ರಾಕೆಟ್ಟಿನಲ್ಲೂ ಬೆಂಕಿ ಇದೆ, ಅಲ್ಲಿಗೆ ಲೆಕ್ಕ ಸರಿಹೋಯಿತು! ಆದರೆ ಆ ಗ್ಯಾಸ್ ಕಟ್ಟರ್ ಹಿಡಿದ ಮನುಷ್ಯನನ್ನೇ ಕೇಳಿ ನೋಡಿ. ಮೊದಲು ಪ್ಲೇಟನ್ನು ಕೆಂಪಗೆ ಕಾಯಿಸಬೇಕು, ಆಮೇಲೆ ಆಕ್ಸಿಜನ್ ಬಿಡಬೇಕು. ಪ್ಲೇಟ್ ದಪ್ಪ ಇದ್ದಷ್ಟೂ ಹೊತ್ತು ಜಾಸ್ತಿ. ಟ್ಯಾಂಕಿಗೆ ಬಡಿದ ಸಿಡಿತಲೆ (ರಾಕೆಟ್ಟಿನ ಸ್ಫೋಟಕ ಇರುವ ಮುಂಭಾಗ) ತನ್ನ ಪೂರ್ತಿ ಕೆಲಸ ಮುಗಿಸುವುದು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ. ಅಷ್ಟರಲ್ಲಿ ಶಾಖ ಉಕ್ಕಿನೊಳಗೆ ಹೆಚ್ಚು ಕಡಿಮೆ ಹರಡುವುದೇ ಇಲ್ಲ.

ಇನ್ನೊಂದು ಸರಳ ಲೆಕ್ಕ. ಉಕ್ಕನ್ನು ಕೊರೆದು ಹೋಗುವುದು ತಾಮ್ರ. ತಾಮ್ರ ಕರಗುವುದು 1,085 ಡಿಗ್ರಿಗೆ, ಉಕ್ಕು ಕರಗುವುದು ಸುಮಾರು 1,500ಕ್ಕೆ. ಕರಗಿದ ತಾಮ್ರವನ್ನೇ ಉಕ್ಕಿನ ಮೇಲೆ ಸುರಿದರೂ ಉಕ್ಕು ಕರಗಬೇಕಾಗಿಲ್ಲ. ಇಲ್ಲಿ ತಾಮ್ರ ಕರಗಿಯೂ ಇರುವುದಿಲ್ಲ. ಎಕ್ಸ್‌ರೇ ಹಿಡಿದು ಪರೀಕ್ಷಿಸಿದವರು ಕಂಡದ್ದು ಗಟ್ಟಿ ಲೋಹವನ್ನೇ. ಬಿಸಿ ಇರುತ್ತದೆ, ಯಾಕಿಲ್ಲ, ಆದರೆ ಕೆಲಸ ಮಾಡುವುದು ಆ ಬಿಸಿ ಅಲ್ಲ.

ಹಾಗಾದರೆ ಯಾವುದು? ಸಿಡಿತಲೆಯೊಳಗೆ ತೆಳು ತಾಮ್ರದ ಒಂದು ಕೋನ್ ಇರುತ್ತದೆ. ಅದರ ತೆರೆದ ಬಾಯಿ ಶತ್ರುವಿನ ಕಡೆ. ಹಿಂದೆ, ಸುತ್ತಲೂ ಸ್ಫೋಟಕ. ಹಿಂದಿನಿಂದ ಅದು ಸಿಡಿದಾಗ ಕೋನಿನ ಗೋಡೆಗಳು ಎಲ್ಲ ಕಡೆಯಿಂದ ನಡುವಿಗೆ ಕುಸಿಯುತ್ತವೆ. ಆ ಒತ್ತಡಕ್ಕೆ ಒಳಮೈಯ ತಾಮ್ರ ಮುಂದಕ್ಕೆ ಚಿಮ್ಮಿ ಸೂಜಿಯಂಥ ಸಣ್ಣ, ಉದ್ದ ಎಳೆಯಾಗುತ್ತದೆ. ಇದನ್ನೇ ಜೆಟ್ ಅನ್ನುವುದು. ಇದರ ತುದಿಯ ವೇಗ ಸೆಕೆಂಡಿಗೆ 8ರಿಂದ 10 ಕಿಲೋಮೀಟರ್. ಗಂಟೆಗಲ್ಲ, ಸೆಕೆಂಡಿಗೆ. ಈ ವೇಗದಲ್ಲಿ ಬಡಿದಾಗ ಹುಟ್ಟುವ ಒತ್ತಡದ ಮುಂದೆ ಉಕ್ಕಿನ ಗಟ್ಟಿತನ ಲೆಕ್ಕಕ್ಕೇ ಬರಲ್ಲ. ಕೈತೋಟದ ಒದ್ದೆ ಮಣ್ಣಿಗೆ ಪೈಪಿನಿಂದ ಜೋರಾಗಿ ನೀರು ಬಿಟ್ಟರೆ ಮಣ್ಣು ಪಕ್ಕಕ್ಕೆ ಸರಿದು ಗುಂಡಿ ಬೀಳುತ್ತದಲ್ಲ, ಉಕ್ಕೂ ಹಾಗೇ ಸರಿದುಕೊಂಡು ದಾರಿ ಬಿಡುತ್ತದೆ. ಮಣ್ಣು ಕರಗಿತು ಅಂತ ಯಾರಾದರೂ ಹೇಳುತ್ತಾರಾ?

ಇಷ್ಟು ಹೇಳಿದ ಮೇಲೂ "ಆದರೂ ಸ್ವಲ್ಪ ಕರಗಿಸಿರಬಹುದು" ಅನ್ನುವವರಿಗೆ ಭುಜದ ಮೇಲಿಟ್ಟು ಹೊಡೆಯುವ ಆರ್‌ಪಿಜಿ-7 ರಾಕೆಟ್ಟಿನ ಮೂತಿ ತೋರಿಸುತ್ತೇನೆ. 1961ರಿಂದ ಪ್ರಪಂಚದ ಎಲ್ಲ ಜಗಳಗಳಲ್ಲೂ ಕಾಣುವ ಆಯುಧ, ಫೋಟೋದಲ್ಲಿ ನೀವೂ ನೋಡಿರುತ್ತೀರಿ. ಮುಂದಿನ ಆ ಚೂಪು ಮೂತಿಯಲ್ಲಿ ಸ್ಫೋಟಕ ತುಂಬಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಖಾಲಿ. ಸ್ಫೋಟಕವೂ ತಾಮ್ರದ ಕೋನೂ ಹಿಂದೆ ಇವೆ. ಮೂತಿಯ ತುದಿ ಉಕ್ಕಿಗೆ ತಾಗಿ ಸಿಡಿದಾಗ ಜೆಟ್ ಉದ್ದವಾಗಿ ಹಿಗ್ಗಲು ಒಂದಿಷ್ಟು ಜಾಗ ಸಿಗಲಿ ಅಂತಲೇ ಆ ಖಾಲಿ ಜಾಗ. ತೀರಾ ಹತ್ತಿರ ಸಿಡಿದರೆ ಜೆಟ್ ಹಿಗ್ಗಿರಲ್ಲ, ತೀರಾ ದೂರ ಸಿಡಿದರೆ ತುಂಡು ತುಂಡಾಗಿ ಚದುರುತ್ತದೆ. ಶಾಖದ ಆಟವೇ ಆಗಿದ್ದರೆ ಉಕ್ಕಿಗೆ ಅಂಟಿಕೊಂಡು ಸಿಡಿಯುವುದೇ ಒಳ್ಳೆಯದಾಗಬೇಕಿತ್ತು, ಬೆಂಕಿಯನ್ನು ಯಾರಾದರೂ ಬೇಕಂತಲೇ ದೂರ ಇಡುತ್ತಾರಾ?

ಮುಂಬೈಯ ಓದುಗರಿಗೆ ಇನ್ನೂ ಒಳ್ಳೆಯ ಸಾಕ್ಷಿ ಸಮುದ್ರದಲ್ಲೇ ಇದೆ. 1974ರಲ್ಲಿ ಬಾಂಬೆ ಹೈನಲ್ಲಿ ಎಣ್ಣೆ ಸಿಕ್ಕಿತಲ್ಲ. ಎಣ್ಣೆ ಬಾವಿ ಕೊರೆದ ಮೇಲೆ ಒಳಗೆ ಉಕ್ಕಿನ ಪೈಪ್ ಇಳಿಸಿ, ಸುತ್ತ ಸಿಮೆಂಟ್ ತುಂಬುತ್ತಾರೆ. ಆಮೇಲೆ ಎಣ್ಣೆ ಒಳಗೆ ಬರಲು ಆ ಪೈಪಿಗೆ ತೂತು ಬೇಕು. ಲೋಕದ ಎಣ್ಣೆ ಬಾವಿಗಳಲ್ಲೆಲ್ಲ ಈ ತೂತು ಹೊಡೆಯುವುದು ಹೆಚ್ಚಾಗಿ ಇದೇ ರೀತಿಯ ಕೋನ್ ಸ್ಫೋಟಕದಿಂದ. ಉಕ್ಕು, ಸಿಮೆಂಟ್, ಅದರಾಚೆಯ ಕಲ್ಲು, ಎಲ್ಲ ಒಂದೇ ಏಟಿಗೆ. ಕಲ್ಲನ್ನೂ ಸಿಮೆಂಟನ್ನೂ ಕರಗಿಸಿದರು ಅಂತ ಅಲ್ಲಿ ಕೆಲಸ ಮಾಡುವವರ ಮುಂದೆ ಹೇಳಿ ನೋಡಿ, ನಗುತ್ತಾರೆ.

ಈ ವಿದ್ಯೆಗೆ ಮೂಲ ಒಂದು ತಮಾಷೆಯ ಗುರುತು. 1888ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಮನ್ರೋ ಸ್ಫೋಟಕದ ಒಂದು ಇಟ್ಟಿಗೆಯನ್ನು ಉಕ್ಕಿನ ತಟ್ಟೆಯ ಮೇಲಿಟ್ಟು ಸಿಡಿಸಿದ. ಇಟ್ಟಿಗೆಯ ಮೇಲೆ ನೌಕಾಪಡೆಯ ಅಕ್ಷರಗಳನ್ನು ಕೊರೆದಿದ್ದರು. ಸಿಡಿದ ಮೇಲೆ ನೋಡಿದರೆ ಅದೇ ಅಕ್ಷರಗಳು ಉಕ್ಕಿನಲ್ಲಿ ಅಚ್ಚಾಗಿದ್ದವು. ಸ್ಫೋಟಕದಲ್ಲಿ ಟೊಳ್ಳು ಇದ್ದ ಕಡೆ ಉಕ್ಕಿಗೆ ಪೆಟ್ಟು ಜಾಸ್ತಿ! ಆ ಟೊಳ್ಳಿಗೆ ಲೋಹದ ಒಳಪದರ ಕೂಡಿಸಿ ಆಯುಧ ಮಾಡಲು ಮತ್ತೆ ಐವತ್ತು ವರ್ಷ ಹಿಡಿಯಿತು. 1942ರ ಹೊತ್ತಿಗೆ ಅಮೆರಿಕನ್ನರ ಬಜೂಕಾ ಬಂತು, ಹಿಂದೆಯೇ ಜರ್ಮನ್ನರ ಪಾಂಜರ್‌ಫೌಸ್ಟ್.

ಟ್ಯಾಂಕಿನ ಮೇಲೆ ಇಟ್ಟಿಗೆ ಜೋಡಿಸಿದ ಹಾಗೆ ಕಾಣುವ ಪೆಟ್ಟಿಗೆಗಳೂ ಇದೇ ಮಾತು ಹೇಳುತ್ತವೆ. ಎರಡು ಉಕ್ಕಿನ ಹಾಳೆ, ನಡುವೆ ಸ್ಫೋಟಕ. ಜೆಟ್ ಬಡಿದ ತಕ್ಷಣ ಅದು ಸಿಡಿದು ಹಾಳೆಗಳು ಓರೆಯಾಗಿ ಹಾರಿ ಜೆಟ್ಟಿಗೆ ಅಡ್ಡ ಬರುತ್ತವೆ, ಜೆಟ್ ಮುರಿಯುತ್ತದೆ. 1982ರಲ್ಲಿ ಲೆಬನಾನ್‌ನಲ್ಲಿ ಇಸ್ರೇಲಿನ ಟ್ಯಾಂಕುಗಳು ಇದನ್ನು ಹೊತ್ತು ಯುದ್ಧಕ್ಕಿಳಿದವು. ನಮ್ಮ ಸೇನೆಯ ಟಿ-72 ಟ್ಯಾಂಕುಗಳಿಗೆ ಇಂಥ ಕವಚ ರೂಪಿಸಿದ ಸ್ಫೋಟಕಗಳ ಸಂಶೋಧನಾಲಯ ಎಚ್‌ಇಎಂಆರ್‌ಎಲ್ ಇರುವುದು ಇಲ್ಲೇ ಪುಣೆಯಲ್ಲಿ, ಪಾಷಾಣದ ಕಡೆ. ಇದಕ್ಕೆ ಪ್ರತಿಯಾಗಿ ಒಂದರ ಹಿಂದೆ ಒಂದು ಎರಡು ಸಿಡಿತಲೆ ಇರುವ ಕ್ಷಿಪಣಿ ಬಂತು: ಮೊದಲನೆಯದು ಪೆಟ್ಟಿಗೆಯನ್ನು ಸಿಡಿಸುತ್ತದೆ, ಎರಡನೆಯದು ಉಕ್ಕನ್ನು ಕೊರೆಯುತ್ತದೆ. 2020ರ ಸೆಪ್ಟೆಂಬರ್ 22ರಂದು ಅಹಮದ್‌ನಗರದ ಕೆಕೆ ರೇಂಜ್ ಎಂಬ ಸೇನೆಯ ಗುಂಡಿನ ಮೈದಾನದಲ್ಲಿ ಅರ್ಜುನ್ ಟ್ಯಾಂಕಿನ ತೋಪಿನಿಂದಲೇ ಹಾರಿಸಿ 3 ಕಿಲೋಮೀಟರ್ ದೂರದ ಗುರಿ ಹೊಡೆದ ಕ್ಷಿಪಣಿ ಇದೇ ಜಾತಿಯದು. ಅದನ್ನು ರೂಪಿಸಿದ್ದೂ ಪುಣೆಯ ಆಯುಧ ಸಂಶೋಧನಾ ಸಂಸ್ಥೆ ಎಆರ್‌ಡಿಇಯವರೇ. ಊರಿನವರು ಸ್ವಲ್ಪ ಹೆಮ್ಮೆ ಪಡಬಹುದು.

ಟ್ಯಾಂಕಿನ ಸುತ್ತ ಕಟ್ಟುವ ಕಂಬಿಗಳ ಬಗ್ಗೆ ಚಿಕ್ಕದಾಗಿ. ಅವು ರಾಕೆಟ್ಟನ್ನು ದೂರದಲ್ಲೇ ಸಿಡಿಸಲು ಅಂತ ಎಲ್ಲರೂ ಹೇಳುತ್ತಾರೆ. ಮುಖ್ಯ ಕೆಲಸ ಅದಲ್ಲ. ಆರ್‌ಪಿಜಿಯ ಖಾಲಿ ಮೂತಿ ಎರಡು ಕಂಬಿಗಳ ನಡುವೆ ಸಿಕ್ಕಿ ಜಜ್ಜಿದರೆ ತುದಿಯಿಂದ ಹಿಂದೆ ಸ್ಫೋಟಕವನ್ನು ಸಿಡಿಸುವ ಫ್ಯೂಸಿಗೆ ಹೋಗುವ ಕರೆಂಟ್ ಶಾರ್ಟ್ ಆಗುತ್ತದೆ, ಆಗ ಸಿಡಿತಲೆ ಸರಿಯಾಗಿ ಸಿಡಿಯುವುದೇ ಇಲ್ಲ.

"ಒಳಗಿದ್ದವರು ಬೆಂದೇ ಹೋಗುತ್ತಾರಂತೆ" ಅನ್ನುವುದು ಈ ನಂಬಿಕೆಯ ಮರಿ. ಜೆಟ್ ಮಾಡುವ ತೂತು ಬೆರಳಿನಷ್ಟು. ಅದು ಹಾದು ಹೋಗುವ ದಾರಿಯಲ್ಲಿ ಇದ್ದವರಿಗೆ, ಒಳಗೆ ಚಿಮ್ಮುವ ಉಕ್ಕಿನ ಚೂರು ತಗುಲಿದವರಿಗೆ ಸಾವು. ಪಕ್ಕದಲ್ಲಿ ಕೂತವರು ಬದುಕಿ ಹೊರಬಂದದ್ದೂ ಉಂಟು. ಟ್ಯಾಂಕ್ ಧಗಧಗ ಉರಿಯುವುದು ತನ್ನದೇ ಮದ್ದುಗುಂಡು ಹೊತ್ತಿಕೊಂಡಾಗ. ಟಿ-72ರಲ್ಲಿ ಸಿಬ್ಬಂದಿಯ ಕಾಲ ಕೆಳಗೇ 22 ಗುಂಡುಗಳನ್ನು ಚಕ್ರದ ಹಾಗೆ ಜೋಡಿಸಿರುತ್ತಾರೆ. ಉಕ್ರೇನಿನ ವಿಡಿಯೋಗಳಲ್ಲಿ ಮೇಲಿನ ಗೋಪುರ ಆಕಾಶಕ್ಕೆ ಹಾರುವುದು ಇದರಿಂದಲೇ.

ಈಗ ಯಾರೂ ಕೇಳದ ಒಂದು ಪ್ರಶ್ನೆ, ನಾನೇ ಕೇಳಿಕೊಳ್ಳುತ್ತೇನೆ. ಜೆಟ್ಟಿನ ವೇಗ ಬರುವುದು ಸಿಡಿತಲೆಯ ಒಳಗಿನಿಂದ. ಅಂದರೆ ಅದನ್ನು ಹೊತ್ತು ತಂದವನು ಎಷ್ಟು ಜೋರಾಗಿ ಎಸೆದ ಅನ್ನುವುದು ಮುಖ್ಯವೇ ಅಲ್ಲ. 1971ರ ಬಸಂತರ್ ಕದನದಲ್ಲಿ ಪೂನಾ ಹಾರ್ಸ್ ಎಂಬ ಟ್ಯಾಂಕ್ ದಳದ ಅರುಣ್ ಖೇತರಪಾಲ್ (ಹುಟ್ಟಿದ್ದು ಪುಣೆಯಲ್ಲೇ) ಕೂತಿದ್ದ ಸೆಂಚುರಿಯನ್ ಟ್ಯಾಂಕಿನ ಕವಚಭೇದಿ ಗುಂಡಿಗೆ ವೇಗವೇ ಜೀವಾಳ, ಅದಕ್ಕೇ ಉದ್ದ ತೋಪು, ಅದನ್ನು ಹೊರಲು ಐವತ್ತು ಟನ್ನಿನ ಟ್ಯಾಂಕ್. ಕೋನ್ ಸಿಡಿತಲೆಗೆ ಇದ್ಯಾವುದೂ ಬೇಡ. ಒಬ್ಬ ಮನುಷ್ಯನ ಭುಜ ಸಾಕು, ಒಂದು ಜೀಪು ಸಾಕು. ಉಕ್ರೇನಿನ ಪುಟ್ಟ ಡ್ರೋನಿಗೆ ಕಟ್ಟಿ ಬಿಡುವುದೂ ಎಷ್ಟೋ ಸಲ ಅದೇ ಹಳೆಯ ಆರ್‌ಪಿಜಿ ಸಿಡಿತಲೆಯನ್ನೇ. ಹಾಗಾದರೆ ಗೆಲ್ಲುವವರು ಯಾರು? ಮೊದಲು ನೋಡಿದವರು.

1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮಕರಣದ ಹತ್ತಿರ ಅಸಲ್ ಉತ್ತರದಲ್ಲಿ ನಡೆದದ್ದು ಇದೇ. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಆ ಕಾಲಕ್ಕೆ ಭಾರೀ ಸರಕು. ನಮ್ಮವರು ಕುದುರೆ ಲಾಳದ ಆಕಾರದಲ್ಲಿ ಟ್ಯಾಂಕು, ತೋಪುಗಳನ್ನು ಬಚ್ಚಿಟ್ಟು, ಕಾಲುವೆ ಒಡೆದು ಹೊಲಕ್ಕೆ ನೀರು ಬಿಟ್ಟರು. ಬಾರಾಮತಿ ಕಡೆ ಕಬ್ಬಿನ ಗದ್ದೆ ನೋಡಿದವರಿಗೆ ಗೊತ್ತು, ಬೆಳೆದು ನಿಂತ ಕಬ್ಬಿನೊಳಗೆ ಹತ್ತು ಮಾರು ಆಚೆಯದೂ ಕಾಣಲ್ಲ. ಅಂಥ ಬೆಳೆಯ ನಡುವೆ, ಕೆಸರಲ್ಲಿ, ಪ್ಯಾಟನ್‌ಗಳು ಕುರುಡಾಗಿ ಬಂದವು. 4 ಗ್ರೆನೇಡಿಯರ್ಸ್ ಎಂಬ ಕಾಲಾಳು ದಳದ ಅಬ್ದುಲ್ ಹಮೀದ್ ಹತ್ತಿರ ಇದ್ದದ್ದು ಇದೇ ಕೋನ್ ಸಿಡಿತಲೆಯ ಗುಂಡು ಹಾರಿಸುವ, ಜೀಪಿನ ಮೇಲಿನ 106 ಮಿ.ಮೀ. ತೋಪು. ಅದರ ಮೇಲೆ ಗುರಿ ನೋಡಲು ಒಂದು ಸಣ್ಣ ಬಂದೂಕು ಇರುತ್ತದೆ. ಮೊದಲು ಅದರಿಂದ ಹೊಡೆದು ಸರಿಯಾಗಿ ಬೀಳುತ್ತಾ ನೋಡು, ಆಮೇಲೆ ದೊಡ್ಡದನ್ನು ಬಿಡು. ಬಿಟ್ಟ ತಕ್ಷಣ ಹಿಂದಿನಿಂದ ಬೆಂಕಿ, ಧೂಳು ಎದ್ದು ಜೀಪು ಎಲ್ಲಿದೆ ಅಂತ ಸುತ್ತಮುತ್ತಲಿಗೆಲ್ಲ ಗೊತ್ತಾಗುತ್ತದೆ. ಹಾಗಾಗಿ ಹೊಡೆದ ಕೂಡಲೇ ಜಾಗ ಬದಲಿಸಲೇಬೇಕು. ಹಮೀದ್ ಹೊಡೆದರು, ಸರಿದರು, ಮತ್ತೆ ಹೊಡೆದರು. ಸೆಪ್ಟೆಂಬರ್ 10ರಂದು ಎದುರಿನ ಗುಂಡು ತಗುಲಿ ತೀರಿಕೊಂಡರು. ಪರಮವೀರ ಚಕ್ರ ಮರಣೋತ್ತರವಾಗಿ ಬಂತು.

ಇದಾದ ಮೇಲೆ ಬರುವ ಪ್ರಶ್ನೆಯೂ ನನಗೆ ಗೊತ್ತು: ಹಾಗಾದರೆ ಟ್ಯಾಂಕಿನ ಕಾಲ ಮುಗೀತಾ? 1973ರ ಅಕ್ಟೋಬರಿನಲ್ಲಿ ಸಿನಾಯ್ ಮರಳಿನಲ್ಲಿ ಈಜಿಪ್ಟಿನ ಕಾಲಾಳುಗಳು ಸ್ಯಾಗರ್ ಕ್ಷಿಪಣಿಯಿಂದ ಇಸ್ರೇಲಿನ ಟ್ಯಾಂಕುಗಳನ್ನು ಸಾಲಾಗಿ ಹೊಡೆದಾಗಲೂ ಎಲ್ಲರೂ ಇದನ್ನೇ ಕೇಳಿದ್ದರು. ಇಸ್ರೇಲಿಗಳು ಟ್ಯಾಂಕ್ ಬಿಸಾಡಲಿಲ್ಲ. ಟ್ಯಾಂಕಿನ ಜೊತೆಗೆ ಕಾಲಾಳು, ಫಿರಂಗಿ ಕಳಿಸುವುದನ್ನು ಕಲಿತರು, ಅದೇ ತಿಂಗಳು ಸೂಯೆಜ್ ಕಾಲುವೆ ದಾಟಿದರು, ಟ್ಯಾಂಕುಗಳ ಸಮೇತ.