ಬೇಸ್ ಪೈಪ್ ಗಾಳಿಕಿಂಡಿಯಲ್ಲ

ದೀಪಾವಳಿ ಕಳೆದ ವಾರ ಶಿರಸಿಯ ನನ್ನ ಅಂಗಡಿಯಲ್ಲಿ ಕೆಟ್ಟ ಸ್ಪೀಕರ್‌ಗಳ ಸಾಲು. ಮಳೆಗಾಲಕ್ಕೆ ಬಾಕ್ಸಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಉಬ್ಬಿರುತ್ತದೆ. ಕೋನಿನ, ಅಂದರೆ ಅಲುಗಿ ಸದ್ದು ಮಾಡುವ ಬಟ್ಟಲಿನಂಥ ಹಾಳೆಯ, ಅಂಚಿನ ಫೋಮ್ ಮುಟ್ಟಿದರೆ ಪುಡಿಯಾಗುತ್ತದೆ. ಕಾರವಾರದ ಕಡೆಯವಾದರೆ ಉಪ್ಪುಗಾಳಿಗೆ ವೈರ್ ಸಿಕ್ಕಿಸುವ ಟರ್ಮಿನಲ್ ಹಸಿರಾಗಿರುತ್ತದೆ. ಅದಕ್ಕೆಲ್ಲ ನಾನು ಯಾರನ್ನೂ ಬೈಯುವುದಿಲ್ಲ. ಸಿಟ್ಟು ಬರುವುದು ಬೇಸ್ ಪೈಪ್, ಅಂದರೆ ತಗ್ಗು ಸ್ವರಕ್ಕಾಗಿ ಸ್ಪೀಕರ್ ಬಾಕ್ಸಿನ ತೂತಿಗೆ ಕೂರಿಸಿದ ಕೊಳವೆ, ಕಿತ್ತ ಬಾಕ್ಸ್ ಕಂಡಾಗ.

ಹೋದ ವರ್ಷ ಅಡಿಕೆ ತೋಟದ ಹಿರಿಯರೊಬ್ಬರು ಎಂಟು ಇಂಚಿನ ಸ್ಪೀಕರ್ ತಂದರು. "ಬೇಸ್ ಚಲೋ ಬತ್ತು ತಮಾ, ಆದ್ರೆ ಒಳಗೆ ಎಂತದೋ ಟಕ್ ಟಕ್ ಹೇಳ್ತು" ಅಂದರು. ಕೋನ್ ಒತ್ತಿ ನೋಡಿದೆ, ಅದರ ಹಿಂದೆ ಅಂಟಿರುವ ಕಾಯಿಲ್ (ತಂತಿ ಸುರುಳಿ) ಉಜ್ಜುತ್ತಿತ್ತು. ಬಾಕ್ಸಿನ ಪೈಪ್ ಎಲ್ಲಿ ಅಂದರೆ, ಗಾಳಿ ಸರಾಗ ಬರಲಿ ಅಂತ ಆಚಾರಿಯ ಹತ್ತಿರ ಕೀಳಿಸಿದ್ದರಂತೆ!

ಬಾಟಲಿ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದೆ, ಅಲ್ವಾ? ಬಾಕ್ಸೂ ಹಾಗೇ. ಒಳಗಿನ ಗಾಳಿ ಸ್ಪ್ರಿಂಗು, ಪೈಪಿನೊಳಗಿನ ಗಾಳಿ ಅದಕ್ಕೆ ಕಟ್ಟಿದ ತೂಕ. ಪೈಪ್ ಉದ್ದವಾದರೆ ಸ್ವರ ಕೆಳಗಿಳಿಯುತ್ತದೆ, ಗಿಡ್ಡವಾದರೆ ಅಥವಾ ಅಗಲವಾದರೆ ಮೇಲೇರುತ್ತದೆ. ಅವರದ್ದು ಸುಮಾರು 40 ಲೀಟರಿನ ಬಾಕ್ಸ್. ಏಳೂವರೆ ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಉದ್ದದ ಪೈಪ್ ಇದ್ದಾಗ ಆ ಸ್ವರ ಲೆಕ್ಕಕ್ಕೆ 43 ಹರ್ಟ್ಸ್, ಅಂದರೆ ಸೆಕೆಂಡಿಗೆ 43 ಕಂಪನದ ಆಸುಪಾಸು. ಪೈಪ್ ಕಿತ್ತು ಬರೀ ತೂತು ಉಳಿಸಿದರೆ 60 ದಾಟುತ್ತದೆ.

ಆ ಸ್ವರದ ಹತ್ತಿರ ಕೋನ್ ಹೆಚ್ಚು ಅಲುಗುವುದೇ ಇಲ್ಲ. ಸದ್ದು ಬಹುಪಾಲು ಪೈಪಿನಿಂದಲೇ ಬರುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಕಥೆ ಬೇರೆ. ಕೋನ್ ಹಿಂದೆ ಸರಿದಾಗ ಗಾಳಿ ತೂತಿನಿಂದ ಸುಮ್ನೆ ಹೊರಗೆ ಹೋಗುತ್ತದೆ, ತಡೆಯುವ ಸ್ಪ್ರಿಂಗೇ ಇಲ್ಲ. ಕೋನ್ ಹುಚ್ಚು ಹಿಡಿದ ಹಾಗೆ ಓಡಾಡುತ್ತದೆ, ಕಾಯಿಲ್ ಅಯಸ್ಕಾಂತದ ಹಿಂದಿನ ಪ್ಲೇಟಿಗೆ ಬಡಿಯುತ್ತದೆ. ಆ ಟಕ್ ಟಕ್ ಅದೇ. ಪೈಪ್ ಕಿತ್ತಾಗ ಈ ಅಪಾಯದ ಗಡಿ 43ರಿಂದ 60ಕ್ಕೆ ಏರಿತು. ಹಾಗೆ ಮೇಲೇರಿದ ಸ್ವರವೇ ಇವರಿಗೆ 'ಚಲೋ ಬೇಸ್' ಅನ್ನಿಸಿತು.

"ಸ್ಪೀಕರು ನೂರು ವಾಟ್, ನನ್ನ ಆಂಪ್ಲಿಫೈಯರ್ ಐವತ್ತೇ" ಅಂತ ಹಿರಿಯರ ವಾದ ಬೇರೆ. ಸ್ಪೀಕರಿನ ಮೇಲೆ ಬರೆದ ವಾಟ್ ಕಾಯಿಲ್ ಎಷ್ಟು ಬಿಸಿ ತಡೆಯುತ್ತದೆ ಅನ್ನುವ ಲೆಕ್ಕ. ಕೋನ್ ಎಷ್ಟು ದೂರ ಓಡಬಹುದು ಅನ್ನುವುದು ಅದರಲ್ಲಿಲ್ಲ. ಗಡಿಯ ಕೆಳಗೆ ಕೆಲವೇ ವಾಟ್ ಸಾಕು ಬಡಿಸಲು.

ಹಾಗಾದರೆ ಪೈಪ್ ಕಿತ್ತ ಮೇಲೂ ಮೂರು ವರ್ಷ ಹೇಗೆ ಬಾಳಿತು? ಅವರು ಕೇಳುವುದು ಯಕ್ಷಗಾನ ಮಾತ್ರ. ಚಂಡೆ, ಮದ್ದಳೆ, ಭಾಗವತರ ಪದ, ಇದರಲ್ಲಿ 60 ಹರ್ಟ್ಸ್‌ಗಿಂತ ಕೆಳಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹಬ್ಬಕ್ಕೆ ಬೆಂಗಳೂರಿನಿಂದ ಮೊಮ್ಮಗ ಬಂದ. ರಾತ್ರಿ ಬಾಂಬ್ ಸಿಡಿಯುವ ಸಿನಿಮಾ ಹಾಕಿದ. ಅದರಲ್ಲಿ 30 ಹರ್ಟ್ಸೂ ಇರುತ್ತದೆ.

ಮೊದಲೇ ಕೇಳಿದ್ದರೆ ಪೂರ್ತಿ ಮುಚ್ಚಿದ ಬಾಕ್ಸ್ ಮಾಡಿ ಅನ್ನುತ್ತಿದ್ದೆ. ಬೇಸ್ ಸ್ವಲ್ಪ ಕಮ್ಮಿ, ಆದರೆ ಒಳಗಿನ ಗಾಳಿ ಕೋನನ್ನು ಹಿಡಿದುಕೊಳ್ಳುತ್ತದೆ. ಹಾಗಂತ ಈಗಿರುವ ತೂತಿಗೆ ಬಿರಡೆ ಜಡಿಯಬೇಡಿ. ಎಲ್ಲ ಸ್ಪೀಕರಿಗೂ ಅದು ಹೊಂದುವುದಿಲ್ಲ, ನೋಡಿಯೇ ಹೇಳಬೇಕು. ಪೈಪ್ ಇರುವ ಬಾಕ್ಸಿಗೆ ಆಂಪ್ಲಿಫೈಯರ್‌ನಲ್ಲಿ ಸಬ್‌ಸೋನಿಕ್ ಫಿಲ್ಟರ್ (ತೀರಾ ತಗ್ಗು ಸ್ವರ ತಡೆಯುವ ಸ್ವಿಚ್) ಇದ್ದರೆ ಹಾಕಿಕೊಳ್ಳಿ. ಬಾಕ್ಸಿನ ಸ್ವರಕ್ಕಿಂತ ತುಸು ಕೆಳಗೆ ಇಟ್ಟರೆ ಸಾಕು.

ಹಿರಿಯರಿಗೆ ಹೊಸ ಸ್ಪೀಕರ್ ಕೂರಿಸಿ ಪೈಪ್ ಮತ್ತೆ ಅಂಟಿಸಿಕೊಟ್ಟೆ. ದುಡ್ಡು ಎಣಿಸುತ್ತಾ ಕೇಳಿದರು: "ಇದ್ರಲ್ಲಿ ಕಣಜ ಗೂಡು ಕಟ್ತು ತಮಾ. ಒಂದು ಬಟ್ಟೆ ತುರುಕಿದ್ರೆ ಆಗ್ತಾ?"

ಬಟ್ಟೆ ಬೇಡ, ದೊಡ್ಡ ಕಣ್ಣಿನ ಜಾಲರಿ ಹಾಕಿ ಅಂದೆ. ಹಾಕಿದರೋ ಇಲ್ಲವೋ, ಬರುವ ದೀಪಾವಳಿಗೆ ಗೊತ್ತಾಗುತ್ತದೆ.