ಮೂಗಿನ ಅಳತೆಗೆ ಸಿಗದ ಜಾತಿ

ದೇಶದ ಎಲ್ಲ ಮೂಲೆಗಳ ಜನ ಒಂದೇ ಬಸ್ಸಿನಲ್ಲಿ ಓಡಾಡುವ ಬೆಂಗಳೂರಿನಲ್ಲಿ ಕೂಡ, ಮುಖ ನೋಡಿಯೇ ಕುಲ ಹೇಳಬಹುದೆಂಬ ನಂಬಿಕೆ ವಿದ್ಯಾವಂತರಲ್ಲಿ ಇನ್ನೂ ಉಳಿದಿದೆ. ಈ ಮೂಢನಂಬಿಕೆಗೆ ವಿಜ್ಞಾನದ ವೇಷ ತೊಡಿಸಿದ್ದು ಒಂದು ಕಾಲದ ಮಾನವಶಾಸ್ತ್ರ. ಆ ವೇಷವನ್ನು ಕಳಚಿದ್ದೂ ಮಾನವಶಾಸ್ತ್ರವೇ.

ಜೈವಿಕ, ಸಾಮಾಜಿಕ-ಸಾಂಸ್ಕೃತಿಕ, ಭಾಷಿಕ ಮತ್ತು ಪುರಾತತ್ತ್ವ ಎಂಬುವು ಈ ಶಾಸ್ತ್ರದ ನಾಲ್ಕು ಕವಲುಗಳು. ದೇಹದ ಅಧ್ಯಯನ ಮೊದಲನೆಯದರ ಕೆಲಸ, ಜಾತಿಯಂತಹ ವ್ಯವಸ್ಥೆಯ ಅಧ್ಯಯನ ಎರಡನೆಯದರ ಕೆಲಸ. 1901ರ ಜನಗಣತಿಯ ಆಯುಕ್ತನಾಗಿದ್ದ ಹರ್ಬರ್ಟ್ ರಿಸ್ಲಿ ಎರಡನೆಯ ಕವಲಿನ ಪ್ರಶ್ನೆಗೆ ಮೊದಲನೆಯದರ ಅಳತೆಪಟ್ಟಿಯಿಂದ ಉತ್ತರ ಹುಡುಕಿದ. ಮೂಗಿನ ಅಗಲವನ್ನು ಎತ್ತರದಿಂದ ಭಾಗಿಸಿ 100ರಿಂದ ಗುಣಿಸಿದರೆ ಬರುವುದು ನಾಸಿಕ ಸೂಚ್ಯಂಕ; ಅದು ಹೆಚ್ಚಿದಷ್ಟೂ ಜಾತಿಯ ಸಾಮಾಜಿಕ ಸ್ಥಾನ ಕೆಳಗಿಳಿಯುತ್ತದೆ ಎಂಬುದು ಅವನ ವಾದವಾಗಿತ್ತು.

ಮೂಗು ಇರುವುದು ಉಸಿರಾಟಕ್ಕೆ. ಹೊರಗಿನ ಗಾಳಿ ಶ್ವಾಸಕೋಶವನ್ನು ಮುಟ್ಟುವ ಮೊದಲು ಮೈಯಷ್ಟೇ ಬೆಚ್ಚಗಾಗಬೇಕು, ತೇವವನ್ನೂ ತುಂಬಿಕೊಳ್ಳಬೇಕು. ಬೇಸಿಗೆಯಲ್ಲಿ ಕಿಟಕಿಗೆ ಕಟ್ಟಿದ ಒದ್ದೆ ಲಾವಂಚದ ತಟ್ಟಿಯ ಎಳೆಗಳ ನಡುವೆ ನುಸುಳುವ ಗಾಳಿ ತೇವ ಹೀರುವಂತೆ, ಕಿರಿದಾದ ನಾಸಿಕದೊಳಗೆ ಗಾಳಿಯ ಹೆಚ್ಚಿನ ಪಾಲು ಒದ್ದೆಯಾದ ಒಳಪೊರೆಯನ್ನು ಸವರಿಕೊಂಡು ಸಾಗುತ್ತದೆ. ಆದ್ದರಿಂದ ತಲೆಮಾರುಗಳ ಕಾಲ ಚಳಿ, ಒಣಹವೆಯ ನಾಡುಗಳಲ್ಲಿ ಬಾಳಿದವರಲ್ಲಿ ಕಿರಿದಾದ ಮೂಗು, ಬಿಸಿ ಮತ್ತು ತೇವದ ನಾಡುಗಳಲ್ಲಿ ಅಗಲವಾದ ಮೂಗು ಹೆಚ್ಚಾಗಿ ಕಾಣುತ್ತವೆ. ಥಾಮ್ಸನ್ ಮತ್ತು ಬಕ್ಸ್‌ಟನ್ ಎಂಬ ಸಂಶೋಧಕರು 1923ರಲ್ಲೇ ಈ ಸಂಬಂಧವನ್ನು ತೋರಿಸಿಕೊಟ್ಟಿದ್ದರು. ಹವೆಯ ಗುರುತನ್ನು ರಿಸ್ಲಿ ಹುಟ್ಟಿನ ಮೇಲುಕೀಳಿನ ಗುರುತೆಂದು ಓದಿದ್ದ. ಆ ಓದು ಎಷ್ಟು ಜನರ ಬದುಕಿಗೆ ಅವಮಾನ ಮೆತ್ತಿತು ಎಂಬುದನ್ನು ನೆನೆದರೆ ಸಿಟ್ಟು ಬರುತ್ತದೆ.

ತಲೆಬುರುಡೆಯ ಕಥೆಯೂ ಹೀಗೆಯೇ. 1920ರ ದಶಕದ ಕೊನೆಗೆ ಬರ್ಲಿನ್‌ನಲ್ಲಿ ಸಂಶೋಧನೆಗೆ ತೊಡಗಿದ ಭಾರತೀಯ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು ಬುರುಡೆಗಳ ಎಡಬಲ ಅಸಮತೆಯನ್ನು ಅಳೆದು, ಅದಕ್ಕೂ ಜನಾಂಗಕ್ಕೂ ಸಂಬಂಧ ಕಾಣುವುದಿಲ್ಲ ಎಂದು ಬರೆದರು. ಅವರ ಮಾರ್ಗದರ್ಶಕ ಓಯ್ಗೆನ್ ಫಿಶರ್ ಜನಾಂಗಶ್ರೇಷ್ಠತೆಯ ಪ್ರಬಲ ಪ್ರತಿಪಾದಕನಾಗಿದ್ದ. 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ ರಕ್ತದ ಗುಂಪು ಮತ್ತು ಪ್ರೋಟೀನುಗಳನ್ನು ಲೆಕ್ಕ ಹಾಕಿ, ಮನುಷ್ಯರ ಆನುವಂಶಿಕ ವೈವಿಧ್ಯದ ಸುಮಾರು 85 ಶೇಕಡಾ ಒಂದೊಂದು ಜನಸಮುದಾಯದ ಒಳಗೇ ಇದೆ, ಸಮುದಾಯಗಳ ನಡುವಿನ ವ್ಯತ್ಯಾಸದ ಪಾಲು ಚಿಕ್ಕದು ಎಂದು ತೋರಿಸಿದರು.

ಹಾಗಾದರೆ ಜಾತಿಯ ಸ್ಥಾನ ಎಲ್ಲಿಂದ ಬರುತ್ತದೆ? ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ ದುಡಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಕೊಡವರ ಅಧ್ಯಯನದಲ್ಲಿ ಸಂಸ್ಕೃತೀಕರಣದ ಪರಿಕಲ್ಪನೆಯನ್ನು ಮುಂದಿಟ್ಟರು: ಕೆಳಗಿನ ಸ್ಥಾನದ ಜಾತಿಯೊಂದು ಮೇಲಿನವರ ಆಹಾರ, ಆಚರಣೆಗಳನ್ನು ಮೈಗೂಡಿಸಿಕೊಂಡು ಒಂದೆರಡು ತಲೆಮಾರಿನಲ್ಲಿ ಸ್ಥಾನ ಏರಬಲ್ಲದು. ಅಷ್ಟು ಅವಧಿಯಲ್ಲಿ ಯಾರ ಮೂಗಿನ ಸೂಚ್ಯಂಕವೂ ಆಚರಣೆಗೆ ತಕ್ಕಂತೆ ಬದಲಾಗುವುದಿಲ್ಲ. 1948ರಲ್ಲಿ ಅವರು ರಾಂಪುರವೆಂದು ಕರೆದ ಮೈಸೂರು ಸೀಮೆಯ ಹಳ್ಳಿಯಲ್ಲಿ ನೆಲೆಸಿ ನೋಡಿದಾಗ, ಊರಿನ ವ್ಯಾಜ್ಯ ತೀರಿಸುವವರು ಯಾರು ಎಂಬುದನ್ನು ನಿರ್ಧರಿಸುತ್ತಿದ್ದುದು ಜಮೀನು ಮತ್ತು ಜನಬಲ. ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ಅವರು ಕಟ್ಟಿದ್ದು ಈ ಹಳ್ಳಿಯ ಅನುಭವದಿಂದಲೇ.